ಹುಟ್ಟುಹಬ್ಬದ ಊಟಕ್ಕೆ ಜಾಗ ಹುಡುಕುವ ಬಗೆ

ಹುಟ್ಟುಹಬ್ಬದ ದಿನ ನೆನಪಿನಲ್ಲಿ ಉಳಿಯುವಂಥ ಒಂದು ಊಟ ಮಾಡಬೇಕೆಂದುಕೊಂಡವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಊರಿನ ಹತ್ತು ಅತ್ಯುತ್ತಮ ರೆಸ್ಟೋರೆಂಟುಗಳ ಪಟ್ಟಿಯನ್ನು ಹುಡುಕುವುದು. ನನ್ನ ಪ್ರಕಾರ ಅದು ಕೊನೆಗೆ ಮಾಡಬೇಕಾದ ಕೆಲಸ. ಆ ದಿನ ಮೇಜಿನ ಸುತ್ತ ಯಾರು ಯಾರು ಕೂರುತ್ತಾರೆ, ಏನನ್ನು ತಿನ್ನುತ್ತಾರೆ, ಏನನ್ನು ಮುಟ್ಟುವುದಿಲ್ಲ, ಎಷ್ಟು ಹೊತ್ತು ಕೂರಬಲ್ಲರು ಎಂಬುದನ್ನು ಮೊದಲು ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಶೆಫ್ ನಿಗದಿಪಡಿಸಿದ ಎಂಟು ಹತ್ತು ಕೋರ್ಸುಗಳ, ಅಂದರೆ ಒಂದಾದ ಮೇಲೊಂದು ಬರುವ ತಿನಿಸುಗಳ, ಟೇಸ್ಟಿಂಗ್ ಮೆನು ಮುಗಿಯಲು ಎರಡೂವರೆ ಮೂರು ಗಂಟೆ ಬೇಕಾಗುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ ಮಾತ್ರೆ ತೆಗೆದುಕೊಳ್ಳಲೇಬೇಕಾದ ಮಧುಮೇಹದ ತಂದೆಗೆ, ನಾಲ್ಕು ವರ್ಷದ ಮಗುವಿಗೆ ಅದು ಹೊಂದುವುದಿಲ್ಲ. ಅಂಥವರು ಜೊತೆಗಿದ್ದರೆ ಮೆನು ನೋಡಿ ಬೇಕಾದದ್ದನ್ನು ತರಿಸಿಕೊಳ್ಳುವ ಜಾಗವನ್ನೇ ಹುಡುಕಬೇಕು.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ನನ್ನ ಹುಟ್ಟುಹಬ್ಬಕ್ಕೆ ಅಮ್ಮನನ್ನು ಪೂರ್ವ ಏಷ್ಯಾದ ಅಡುಗೆಗೆ ಹೆಸರಾದ ಒಂದು ಜಾಗಕ್ಕೆ ಕರೆದುಕೊಂಡು ಹೋಗಿದ್ದೆ. ಅಮ್ಮ ಹುಟ್ಟಾ ಸಸ್ಯಾಹಾರಿ. ತರಕಾರಿ ಸೂಪ್ ಎಂದು ಬರೆದಿದ್ದನ್ನೇ ತರಿಸಿದೆವು. ಎರಡು ಚಮಚ ಕುಡಿದ ಮೇಲೆ ಅವರ ಮುಖ ನೋಡಿ ಅನುಮಾನ ಬಂದು ಕೇಳಿದಾಗ, ಸೂಪಿನಲ್ಲಿ ಮೀನಿನ ತುಂಡು ಇಲ್ಲ, ಆದರೆ ರುಚಿಗೆ ಫಿಶ್ ಸಾಸ್ ಹಾಕಿರುತ್ತೇವೆ ಎಂಬ ಉತ್ತರ ಬಂತು. ಅಮ್ಮ ಚಮಚವನ್ನು ತಟ್ಟೆಯ ಅಂಚಿಗೆ ಇಟ್ಟು, ನೀರು ಕುಡಿದು, ಊಟ ಮುಗಿಯುವವರೆಗೂ ಒಂದು ಮಾತನ್ನೂ ಆಡದೆ ಕೂತಿದ್ದರು. ಬಂದ ಬಿಲ್ಲು, ತಿಂದ ತಿನಿಸು ಯಾವುದೂ ನನಗೆ ಈಗ ನೆನಪಿಲ್ಲ. ಆ ಚಮಚ ನೆನಪಿದೆ.

ಆದ್ದರಿಂದ ಸಸ್ಯಾಹಾರಿ ಎಂಬ ಒಂದೇ ಪದವನ್ನು ನಂಬಿ ಹೋಗಬೇಡಿ, ಸಾಮಗ್ರಿಗಳನ್ನು ಹೆಸರಿಸಿ ಕೇಳಿ. ಥಾಯ್ ಮತ್ತು ವಿಯೆಟ್ನಾಂ ಅಡುಗೆಯಲ್ಲಿ ಫಿಶ್ ಸಾಸ್ ನಮ್ಮ ಉಪ್ಪಿನಂತೆ ಬಳಕೆಯಾಗುತ್ತದೆ. ಥಾಯ್ ಕರಿಯ ಮಸಾಲೆಯನ್ನು ಒಣ ಸಿಗಡಿಯ ಪೇಸ್ಟ್ ಸೇರಿಸಿಯೇ ಅರೆಯುವ ರೂಢಿಯಿದೆ. ಜಪಾನಿನ ದಾಶಿ ಎಂಬ ತಿಳಿಸಾರನ್ನು ಹೆಚ್ಚಾಗಿ ಒಣಗಿಸಿದ ಬೊನಿಟೊ ಮೀನಿನ ಚಕ್ಕೆಗಳಿಂದ ತಯಾರಿಸುತ್ತಾರೆ. ಇಟಲಿಯ ಪಾರ್ಮೆಜಾನೊ ಚೀಸ್‌ಗೆ ಹಾಲು ಒಡೆಸಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನು, ಪನ್ನಾ ಕೋಟಾದಂಥ ಸಿಹಿಯನ್ನು ಗಟ್ಟಿಯಾಗಿಸುವುದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್. ಇವೆಲ್ಲಕ್ಕೂ ಸಸ್ಯಮೂಲದ ಬದಲಿಗಳಿವೆ, ಒಳ್ಳೆಯ ಅಡುಗೆಮನೆಗಳು ಎರಡು ದಿನ ಮೊದಲೇ ತಿಳಿಸಿದರೆ ಸಂತೋಷದಿಂದ ಬದಲಿಸಿ ಕೊಡುತ್ತವೆ. ಮೇಜಿನ ಮುಂದೆ ಕೂತ ಮೇಲೆ ಹೇಳಿದರೆ ಅವರೂ ಅಸಹಾಯಕರು, ಏಕೆಂದರೆ ಸಾರು, ಮಸಾಲೆ, ಸಿಹಿ ಎಲ್ಲವೂ ಬೆಳಿಗ್ಗೆಯೇ ತಯಾರಾಗಿರುತ್ತವೆ. ಈರುಳ್ಳಿ ಬೆಳ್ಳುಳ್ಳಿ ಬೇಡದವರು, ಕಡಲೆಕಾಯಿ ಅಥವಾ ಸಿಗಡಿಯ ಅಲರ್ಜಿ ಇರುವವರು ಇದ್ದರಂತೂ ಈ ಮಾತು ಇನ್ನೂ ಮುಖ್ಯ.

ಎರಡನೆಯ ಪ್ರಶ್ನೆ ನೀವು ಹುಟ್ಟಿದ ತಿಂಗಳು. ಇದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ, ಆದರೆ ನನ್ನ ಮಟ್ಟಿಗೆ ಹುಟ್ಟುಹಬ್ಬದ ಊಟವನ್ನು ಬೇರೆ ದಿನದ ಊಟದಿಂದ ಬೇರ್ಪಡಿಸುವುದು ಇದೇ. ಡಿಸೆಂಬರ್ ಜನವರಿಯಲ್ಲಿ ಹುಟ್ಟಿದವರಿಗೆ ಸೊಗಡಿನ ಅವರೆಕಾಯಿ, ಏಪ್ರಿಲ್ ಮೇ ತಿಂಗಳಿನವರಿಗೆ ಮಾವು ಹಲಸು, ಮಳೆಗಾಲದವರಿಗೆ ಮಲೆನಾಡಿನ ಕಳಲೆ ಮತ್ತು ಅಣಬೆ ಸಿಗುತ್ತವೆ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಆಸುಪಾಸಿನಲ್ಲಿ, ಮದ್ದು ಸೊಪ್ಪಿನ ರಸದಿಂದ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ಅದೇ ವಾರ ಹುಟ್ಟಿದವರೊಬ್ಬರಿಗೆ ಅಂಥ ಒಂದು ಬಟ್ಟಲು ಎದುರಿಗೆ ಬಂದರೆ ಯಾವ ಕೇಕೂ ಅದಕ್ಕೆ ಸಮವಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ನಿಮ್ಮ ಹುಟ್ಟುಹಬ್ಬ ಜೂನ್ ಅಥವಾ ಜುಲೈನಲ್ಲಿದ್ದು ನೀವು ಮೀನಿನ ಊಟವನ್ನೇ ಬಯಸಿದ್ದರೆ ಸ್ವಲ್ಪ ಯೋಚಿಸಬೇಕು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಾಜಾ ಸಮುದ್ರದ ಮೀನು ಕಡಿಮೆಯಾಗುತ್ತದೆ. ಆ ತಿಂಗಳುಗಳಲ್ಲಿ ಇಂದು ಯಾವ ಮೀನು ಬಂದಿದೆ, ಎಲ್ಲಿಂದ ಬಂದಿದೆ ಎಂದು ಫೋನಿನಲ್ಲಿಯೇ ಕೇಳಿ. ಒಳ್ಳೆಯ ಜಾಗದವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಜಾಗದ ಮಾತು. ರೆಸ್ಟೋರೆಂಟುಗಳನ್ನು ನಕ್ಷತ್ರಗಳಿಂದ ಅಳೆಯುವ ಫ್ರಾನ್ಸಿನ ಹೆಸರಾಂತ ಮಿಷೆಲಿನ್ ಗೈಡ್ ಭಾರತದ ರೆಸ್ಟೋರೆಂಟುಗಳಿಗೆ ನಕ್ಷತ್ರ ಕೊಟ್ಟಿಲ್ಲವಾದ್ದರಿಂದ ಇಲ್ಲಿ ಆ ಅಳತೆಗೋಲು ಉಪಯೋಗಕ್ಕೆ ಬರುವುದಿಲ್ಲ. ನಾನು ನೋಡುವುದು ಅಡುಗೆ ಮಾಡುವವರು ಯಾವ ನೆಲದ ರುಚಿಯನ್ನು ಬಲ್ಲರು, ಅದನ್ನೇ ಮಾಡುತ್ತಿದ್ದಾರೆಯೇ ಎಂಬುದನ್ನು. ಬೆಂಗಳೂರಿನಲ್ಲಿ ಇದಕ್ಕೆ ನನಗೆ ತಟ್ಟನೆ ನೆನಪಾಗುವ ಉದಾಹರಣೆ ರೆಸಿಡೆನ್ಸಿ ರಸ್ತೆಯ ತಾಜ್ ಸಮೂಹದ ಹೋಟೆಲಿನಲ್ಲಿ 1990ರಲ್ಲಿ ಆರಂಭವಾದ ಕರಾವಳಿ ಎಂಬ ರೆಸ್ಟೋರೆಂಟು. ಅದನ್ನು ಕಟ್ಟಿದವರು ಮಂಗಳೂರು, ಗೋವಾ, ಕೇರಳ, ಕೊಡಗಿನ ಮನೆಮನೆಗಳ ಅಡುಗೆಯನ್ನು ಅಲ್ಲಿನ ಗೃಹಿಣಿಯರಿಂದಲೇ ಕಲಿತು ತಂದರು. ಆರಂಭದ ಶೆಫ್ ಶ್ರೀರಾಮ್ ಐಲೂರ್ ಮುಂದೆ ಲಂಡನ್ನಿಗೆ ಹೋಗಿ ಕ್ವಿಲಾನ್ ಎಂಬ ರೆಸ್ಟೋರೆಂಟನ್ನು ಮುನ್ನಡೆಸಿದರು, ಅದಕ್ಕೆ 2008ರಲ್ಲಿ ಮಿಷೆಲಿನ್ ನಕ್ಷತ್ರ ಬಂತು. ಲಂಡನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಕರಾವಳಿಯ ರುಚಿಗಾಗಿ ಹಂಬಲಿಸಿದರೆ ನಾನು ಸೂಚಿಸುವುದು ಅದನ್ನೇ. ಇತ್ತ ಬೆಂಗಳೂರಿನ ಕರಾವಳಿ ರೆಸ್ಟೋರೆಂಟಿನ ಅಡುಗೆಮನೆಯನ್ನು ದೀರ್ಘಕಾಲ ನಡೆಸಿದವರು ಕೊಡಗಿನವರಾದ ಶೆಫ್ ನರೇನ್ ತಿಮ್ಮಯ್ಯ. ಕಾಚಂಪುಳಿಯ ಕಪ್ಪು ಹುಳಿ ಹಂದಿಮಾಂಸಕ್ಕೆ ಎಷ್ಟು ಬೀಳಬೇಕೆಂಬುದನ್ನು ಬಾಲ್ಯದಿಂದ ಬಲ್ಲವರು ಮಾಡುವ ಅಡುಗೆಗೂ ಪುಸ್ತಕ ನೋಡಿ ಮಾಡುವ ಅಡುಗೆಗೂ ಇರುವ ವ್ಯತ್ಯಾಸ ಮೊದಲ ತುತ್ತಿನಲ್ಲಿಯೇ ತಿಳಿಯುತ್ತದೆ. ಹೊರಗೆ ಮರದ ಕೆಳಗೆ ಕೂರುವ ಜಾಗವೂ ಇದೆ. ಸಂಜೆ ಮಳೆಯಿಲ್ಲದ ದಿನ ಅದನ್ನೇ ಕೇಳಿ.

ತಮಗಾಗಿಯೇ, ಒಬ್ಬರೇ ಅಥವಾ ಇಬ್ಬರೇ ಹೋಗುವವರಿಗೆ ಯಲಹಂಕದಾಚೆ ಬಾಗಲೂರು ಕಡೆಯ 37 ಎಕರೆ ತೋಟದೊಳಗಿನ ಫಾರ್ಮ್‌ಲೋರ್ ಬೇರೆಯೇ ಅನುಭವ. ಶೆಫ್ ಜಾನ್ಸನ್ ಎಬನೇಜರ್ ಅವರ ತಂಡ ಒಮ್ಮೆಗೆ ಕೆಲವೇ ಮಂದಿಗೆ ಸೌದೆಯ ಬೆಂಕಿಯಲ್ಲಿ ಅಡುಗೆ ಮಾಡಿ ಬಡಿಸುತ್ತದೆ, ಮೆನು ಅವರದ್ದೇ, ಮೊದಲೇ ಕಾಯ್ದಿರಿಸದೆ ಹೋಗುವಂತಿಲ್ಲ. ಹುಟ್ಟಿದ ತಿಂಗಳಿನ ಬೆಳೆ ತಟ್ಟೆಗೆ ಬರುವುದನ್ನು ನೋಡಬೇಕೆನ್ನುವವರು ಅಲ್ಲಿಗೇ ಹೋಗಬೇಕು. ಹಿರಿಯರು ಹೆಚ್ಚಿದ್ದು ಪರಿಚಿತ ರುಚಿ ಬೇಕೆಂದಾದರೆ ಐಟಿಸಿ ವಿಂಡ್ಸರ್ ಹೋಟೆಲಿನ ದಕ್ಷಿಣ್ ರೆಸ್ಟೋರೆಂಟ್ ಇದೆ, ದಕ್ಷಿಣದ ಅಡುಗೆಗೇ ಮೀಸಲಾದದ್ದು. ತೋಟದ ನಡುವೆ ಕೂರುವ ಆಸೆಯಿದ್ದರೆ 1887ರಷ್ಟು ಹಿಂದಿನ ಚರಿತ್ರೆಯಿರುವ ತಾಜ್ ವೆಸ್ಟ್ ಎಂಡ್ ಹೋಟೆಲನ್ನು ಒಮ್ಮೆ ನೋಡಿ ಬನ್ನಿ.

ಹಣದ ಲೆಕ್ಕವನ್ನು ಮೆನುವಿನ ಬೆಲೆಯಿಂದ ಹಾಕಬೇಡಿ, ಬಿಲ್ಲಿನ ಕೊನೆಯ ಸಾಲಿನಿಂದ ಹಾಕಿ. ಕೊಠಡಿಯ ದಿನದ ಬಾಡಿಗೆ 7,500 ರೂಪಾಯಿ ಮೀರುವ ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟುಗಳಲ್ಲಿ ಸಾಮಾನ್ಯವಾಗಿ ಶೇ. 18 ಜಿಎಸ್‌ಟಿ ಬೀಳುತ್ತದೆ, ಸ್ವತಂತ್ರವಾಗಿ ನಡೆಯುವ ರೆಸ್ಟೋರೆಂಟುಗಳಲ್ಲಿ ಶೇ. 5 ಮಾತ್ರ. ಇಬ್ಬರಿಗೆ 8,000 ರೂಪಾಯಿಯ ಊಟವೆಂದರೆ ಮೊದಲನೆಯ ಕಡೆ 9,440 ಆಗುತ್ತದೆ, ಎರಡನೆಯ ಕಡೆ 8,400. ಬಜೆಟ್ ಬಿಗಿಯಾಗಿದ್ದರೆ ರಾತ್ರಿಯ ಬದಲು ಮಧ್ಯಾಹ್ನದ ಊಟಕ್ಕೆ ಹೋಗಿ. ಅನೇಕ ಕಡೆ ಮಧ್ಯಾಹ್ನಕ್ಕೆ ಕಡಿಮೆ ಬೆಲೆಯ ನಿಗದಿತ ಮೆನು ಇರುತ್ತದೆ, ಮೇಜು ಸುಲಭವಾಗಿ ಸಿಗುತ್ತದೆ, ಬೆಂಗಳೂರಿನ ಶುಕ್ರವಾರ ಸಂಜೆಯ ಟ್ರಾಫಿಕ್‌ನಲ್ಲಿ ಹಸಿದುಕೊಂಡು ಒಂದೂವರೆ ಗಂಟೆ ಕಳೆಯುವ ಸಂಕಟವೂ ತಪ್ಪುತ್ತದೆ.

ಕಾಯ್ದಿರಿಸುವುದನ್ನು ಆ್ಯಪ್ ಮೂಲಕ ಮಾಡಿದರೂ ಸರಿ, ಆಮೇಲೆ ಒಮ್ಮೆ ಫೋನ್ ಮಾಡಲೇಬೇಕು. ಎರಡು ಮೂರು ವಾರ ಮೊದಲೇ, ಮಧ್ಯಾಹ್ನ ಮೂರೂವರೆಯಿಂದ ಐದೂವರೆಯ ನಡುವೆ ಮಾಡಿ. ಮಧ್ಯಾಹ್ನದ ಗದ್ದಲ ಮುಗಿದು ರಾತ್ರಿಯ ತಯಾರಿಯ ನಡುವೆ ಸಿಬ್ಬಂದಿಗೆ ನಿಮ್ಮ ಮಾತು ಕೇಳುವ ವ್ಯವಧಾನ ಇರುವುದು ಆಗಲೇ. ನಮ್ಮಲ್ಲಿ ಅನೇಕರಿಗೆ ತಮ್ಮದೇ ಹುಟ್ಟುಹಬ್ಬ ಎಂದು ಹೇಳಿಕೊಳ್ಳಲು ಸಂಕೋಚ. ದಯವಿಟ್ಟು ಹೇಳಿ, ಯಾರ ಹುಟ್ಟುಹಬ್ಬ, ಎಷ್ಟನೆಯದು, ಆ ವ್ಯಕ್ತಿಗೆ ಏನು ಇಷ್ಟ ಎಂಬುದನ್ನೆಲ್ಲ ಹೇಳಿ. ಏನು ಬೇಡ ಎಂಬುದನ್ನೂ ಹೇಳಿ: ದೀಪ ಆರಿಸಿ, ಸಿಬ್ಬಂದಿಯೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡುವುದು ಕೆಲವರಿಗೆ ಸಂತೋಷ, ಕೆಲವರಿಗೆ ಮುಜುಗರ. ಹೊರಗಿನಿಂದ ಕೇಕ್ ತರಬಹುದೇ, ಅದಕ್ಕೆ ಶುಲ್ಕವಿದೆಯೇ, ಉಡುಪಿನ ನಿಯಮವೇನು, ಗಂಡಸರು ಚಪ್ಪಲಿಯಲ್ಲಿ ಅಥವಾ ಪಂಚೆಯಲ್ಲಿ ಬರಬಹುದೇ ಎಂಬುದನ್ನೂ ಆಗಲೇ ಕೇಳಿಬಿಡಿ. ಮೇಜನ್ನು ಆರಿಸುವಾಗ ಅಡುಗೆಮನೆಯ ಬಾಗಿಲು, ಏಸಿಯ ಗಾಳಿ, ಸ್ಪೀಕರ್ ಈ ಮೂರರಿಂದಲೂ ದೂರವಿರುವುದನ್ನು ಕೇಳಿ. ಕಿವಿ ಮಂದವಾದ ಹಿರಿಯರಿದ್ದರೆ ಗೋಡೆಗೆ ಬೆನ್ನು ಮಾಡಿ ಕೂರುವಂಥ ಮೂಲೆಯ ಮೇಜು ಒಳ್ಳೆಯದು. ಈ ಮಾತುಕತೆಯೇ ಆ ಜಾಗದ ನಿಜವಾದ ಪರೀಕ್ಷೆ. ಪ್ರಶ್ನೆಗಳಿಗೆ ಅವಸರದಿಂದ ಹ್ಞೂಂ ಹ್ಞೂಂ ಎಂದವರಿಗಿಂತ, ಶೆಫ್‌ರನ್ನು ಕೇಳಿ ತಿರುಗಿ ಫೋನ್ ಮಾಡುತ್ತೇನೆ ಎಂದು ಹೇಳಿ ಹಾಗೆಯೇ ಮಾಡಿದವರನ್ನು ನಾನು ಆರಿಸುತ್ತೇನೆ.

ಅಪ್ಪನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಹಾಗೆ ಆರಿಸಿದ ಜಾಗದಲ್ಲಿ ನಡೆದದ್ದನ್ನು ಹೇಳುತ್ತೇನೆ. ಅವರ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಹೆಚ್ಚು ದಿನ ಆಗಿಲ್ಲವೆಂದು ಫೋನಿನಲ್ಲಿ ಮಾತಿನ ನಡುವೆ ಹೇಳಿದ್ದೆ. ನಾವು ಕೂತ ಕೂಡಲೇ ಬಡಿಸುವ ಹುಡುಗ ಅಪ್ಪನ ಬಲಗೈ ಪಕ್ಕ ಒಂದು ಪುಟ್ಟ ದೀಪ ಇಟ್ಟು, ದಪ್ಪ ಅಕ್ಷರಗಳಲ್ಲಿ ಮುದ್ರಿಸಿದ ಮೆನುವನ್ನು ಅವರ ಕೈಗೇ ಕೊಟ್ಟ. ಮೀನು ಬಂದಾಗ ಮೇಜಿನ ಬಳಿಯೇ ನಿಂತು, ಎರಡು ಚಮಚಗಳಿಂದ ನಡುಮುಳ್ಳನ್ನು ಇಡಿಯಾಗಿ ಎತ್ತಿ ಬದಿಗಿಟ್ಟು, ತಲೆಯ ಪಕ್ಕದ ಮೆತ್ತನೆಯ ಭಾಗವನ್ನು ಅಪ್ಪನ ತಟ್ಟೆಗೆ ಹಾಕಿದ. ಇವನಿಗೆ ಮೀನು ತಿನ್ನುವುದು ಗೊತ್ತು ಎಂದು ಅಪ್ಪ ಆಮೇಲೆ ಎಷ್ಟೋ ಜನರಿಗೆ ಹೇಳಿದರು.

ಕೋರ್ಸುಗಳ ಕ್ರಮವನ್ನು ಕಂಡು ಗಾಬರಿಯಾಗುವ ಕಾರಣವಿಲ್ಲ. ಬಾಳೆಎಲೆಯ ತುದಿಗೆ ಉಪ್ಪು, ಕೋಸಂಬರಿ, ಪಲ್ಯಗಳನ್ನು ಬಡಿಸಿ, ತೊವ್ವೆ, ಸಾರು, ಹುಳಿ, ಸಿಹಿ, ಕೊನೆಗೆ ಮಜ್ಜಿಗೆ ಎಂದು ಸರದಿಯಲ್ಲಿ ಉಣ್ಣುವ ನಮಗೆ ಒಂದಾದ ಮೇಲೊಂದು ಬರುವ ಊಟ ಹೊಸದಲ್ಲ. ಫೋರ್ಕು ಚಾಕುಗಳನ್ನು ಹೊರಗಿನಿಂದ ಒಳಕ್ಕೆ ಬಳಸುತ್ತ ಹೋದರೆ ಸಾಕು, ಕೈಯಲ್ಲಿ ತಿನ್ನುವ ತಿನಿಸನ್ನು ಕೈಯಲ್ಲಿಯೇ ತಿನ್ನಿ. ಅಂದು ಮಧ್ಯಾಹ್ನ ಹೊಟ್ಟೆ ಪೂರ್ತಿ ಖಾಲಿ ಬಿಡದೆ ಒಂದು ಲೋಟ ಮಜ್ಜಿಗೆಯೋ ಎರಡು ಇಡ್ಲಿಯೋ ತೆಗೆದುಕೊಂಡಿರುವುದು ಒಳ್ಳೆಯದು. ತೀರಾ ಹಸಿದವರು ಮೊದಲು ಬರುವ ಬ್ರೆಡ್ಡಿನಲ್ಲಿಯೇ ಹೊಟ್ಟೆ ತುಂಬಿಸಿಕೊಂಡು, ನಿಜವಾದ ಊಟ ಬರುವ ಹೊತ್ತಿಗೆ ಸೋತಿರುತ್ತಾರೆ. ಬಾಟಲಿ ನೀರು ಬೇಡವಾದರೆ ಫಿಲ್ಟರ್ ನೀರನ್ನು ನಿಸ್ಸಂಕೋಚವಾಗಿ ಕೇಳಿ.

ಬಿಲ್ಲು ಬಂದಾಗ ಸೇವಾಶುಲ್ಕದ ಸಾಲನ್ನು ನೋಡಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನು ಎತ್ತಿಹಿಡಿದಿದೆ. ಸೇರಿಸಿದ್ದರೆ ತೆಗೆಯಿರಿ ಎಂದು ಮೆಲುದನಿಯಲ್ಲಿ ಹೇಳಿದರೆ ಸಾಮಾನ್ಯವಾಗಿ ಸಾಕಾಗುತ್ತದೆ, ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅದರ ಬದಲು ಬಡಿಸಿದವರ ಕೈಗೇ ನಿಮಗೆ ತೋಚಿದಷ್ಟನ್ನು ಕೊಡಿ.

ಹೊರಡುವ ಮುನ್ನ ಅಂದಿನ ಮೆನುವಿನ ಒಂದು ಪ್ರತಿಯನ್ನು ಕೇಳಿ ಪಡೆಯಿರಿ. ಋತುವಿಗೆ ತಕ್ಕಂತೆ ಬದಲಾಗುವ ಮೆನು ಮುಂದಿನ ವರ್ಷ ಅದೇ ರೂಪದಲ್ಲಿ ಸಿಗುವುದಿಲ್ಲ, ಕೇಳಿದರೆ ಶೆಫ್ ಸಹಿ ಹಾಕಿ ಕೊಡುವುದೂ ಉಂಟು. ಹಿಂಬದಿಯಲ್ಲಿ ತಾರೀಖು, ಜೊತೆಗಿದ್ದವರ ಹೆಸರು, ಕೂತಿದ್ದ ಮೇಜಿನ ಸಂಖ್ಯೆ ಬರೆದಿಡಿ. ಮುಂದಿನ ಬಾರಿ ಕಾಯ್ದಿರಿಸುವಾಗ ಅದೇ ಮೇಜನ್ನು ಕೇಳಬಹುದು. ಅಪ್ಪನ ದಪ್ಪಕ್ಷರದ ಮೆನು ಅವರ ಪಂಚಾಂಗದ ನಡುವೆ ಇದೆ, ಮೀನಿನ ಸಾಲಿನ ಪಕ್ಕದಲ್ಲಿ ಒಂದು ಎಣ್ಣೆಯ ಕಲೆಯ ಸಮೇತ.