ಏರ್ ಪಿಸ್ತೂಲಿನ ಟೆಸ್ಟ್ ಕಾರ್ಡು: ನಾನು ಓದುವ ರೀತಿ, ಮತ್ತೆ ಪರೀಕ್ಷಿಸುವ ರೀತಿ

10 ಮೀಟರ್ ದೂರದ ಸ್ಪರ್ಧೆಗೆ ಬಳಸುವ ಮ್ಯಾಚ್ ಪಿಸ್ತೂಲಿನ ಪೆಟ್ಟಿಗೆಯಲ್ಲಿ ಒಂದೇ ತೂತಿರುವ ಪುಟ್ಟ ಕಾರ್ಡು ಇರುತ್ತದೆ. ಕಾರ್ಖಾನೆಯಲ್ಲಿ ಪಿಸ್ತೂಲನ್ನು ಅಲುಗದಂತೆ ಬಿಗಿದು, ಸಾಮಾನ್ಯವಾಗಿ ಐದು ಪೆಲೆಟ್ (ಸೀಸದ ಪುಟ್ಟ ಗುಂಡು) ಹೊಡೆದ ಗುರುತು ಅದು. ಈ ಬ್ಯಾರೆಲ್‌ಗೂ ಅವತ್ತಿನ ಪೆಲೆಟ್‌ಗೂ ಹೊಂದಿಕೆಯಾಗಿತ್ತು ಎಂದಷ್ಟೇ ಅದು ಹೇಳುತ್ತದೆ. ಗುರಿ ಹಿಡಿಯುವ ಸೈಟ್ ಸರಿಯಿದೆಯೋ ಇಲ್ಲವೋ, ಅದರಿಂದ ಗೊತ್ತಾಗದು.

ವರ್ನಿಯರ್ ಕ್ಯಾಲಿಪರ್‌ನಲ್ಲಿ ತೂತನ್ನು ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಒಂದು ಪೆಲೆಟ್‌ನ ಅಗಲವಾದ 4.5 ಮಿ.ಮೀ. ಕಳೆಯುತ್ತೇನೆ. ಹರಿದ ಕಾಗದವನ್ನಲ್ಲ, ಸೀಸ ಉಜ್ಜಿದ ಬೂದು ಉಂಗುರವನ್ನು ಅಳೆಯಬೇಕು. 7 ಬಂದರೆ ಗ್ರೂಪ್, ಅಂದರೆ ಹೊಡೆತಗಳ ನಡುಗಳ ಹರವು, 2.5. ಗುರಿಯ ಕಾಗದದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ.; ಗೆರೆ ಮುಟ್ಟಿದರೂ ಹತ್ತೇ ಆದ್ದರಿಂದ ಪೆಲೆಟ್‌ನ ನಡು 8 ಮಿ.ಮೀ. ಸರಿದರೂ ಅಂಕ ಉಳಿಯುತ್ತದೆ. ದಶಮಾಂಶದ ಲೆಕ್ಕದಲ್ಲಿ (ನಟ್ಟನಡುವಿನ ಹೊಡೆತಕ್ಕೆ 10.9) ಪ್ರತಿ 0.8 ಮಿ.ಮೀ.ಗೆ 0.1 ಹೋಗುತ್ತದೆ. ನಡುವಿಗೆ ಕೂರಿಸಿದ 2.5ರ ಗ್ರೂಪಿನಲ್ಲಿ ಅತ್ತಿತ್ತ 1.25, ಅಂದರೆ ಕೆಟ್ಟ ಹೊಡೆತವೂ 10.8. ಇದಕ್ಕಿಂತ ಚಿಕ್ಕ ತೂತಿಗಾಗಿ ದುಡ್ಡು ಸುರಿಯಬೇಡಿ, ಅದನ್ನು ತರಬೇತಿಗೆ ಇಡಿ.

ಮರುಪರೀಕ್ಷೆಗೆ ಗ್ರಿಪ್ ಬಿಚ್ಚಿ, ವೈಸ್‌ನ ದವಡೆಗಳಿಗೆ ಚರ್ಮ ಇಟ್ಟು ಫ್ರೇಮನ್ನು ಬಿಗಿಯುತ್ತೇನೆ. ಬ್ಯಾರೆಲ್ಲನ್ನಾಗಲಿ, 200 ಬಾರ್ ಗಾಳಿ ತುಂಬಿದ ಸಿಲಿಂಡರನ್ನಾಗಲಿ ಖಂಡಿತ ಬಿಗಿಯಬಾರದು. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಪೆಲೆಟ್ ಬದಲಾಯಿಸಿದಾಗ ಮೊದಲ ಹತ್ತು ಹೊಡೆತ ಲೆಕ್ಕಕ್ಕಿಲ್ಲ, ಬ್ಯಾರೆಲ್‌ನಲ್ಲಿ ಹಳೆಯ ಸೀಸ ಇರುತ್ತದೆ. ಆಮೇಲೆ 4.49, 4.50 ಮಿ.ಮೀ. ತಲೆಯಳತೆಯ (ಪೆಲೆಟ್ ಮುಂಭಾಗದ ವ್ಯಾಸ) ಒಂದೊಂದಕ್ಕೂ ಐದೈದು ಹೊಡೆತದ ಐದು ಕಾರ್ಡು. ಅದೃಷ್ಟದಿಂದ ಚೆನ್ನಾಗಿ ಬಂದ ಒಂದು ಕಾರ್ಡನ್ನು ನಂಬಿ ಡಬ್ಬಿಗಟ್ಟಲೆ ಕೊಳ್ಳುವವರೇ ಹೆಚ್ಚು. ನೋಡಬೇಕಾದ್ದು ಐದರ ಸರಾಸರಿ.

ತೂತುಗಳು ಮೇಲಿಂದ ಕೆಳಗೆ ಸಾಲಾದರೆ ಮೊದಲು ಗಾಳಿಯ ಒತ್ತಡ ನೋಡಿ. ಮಾಪಕದ ಮುಳ್ಳು ಕೆಳಮಿತಿಗೆ ಬಂದಂತೆ ವೇಗ ತಗ್ಗಿ ಪೆಲೆಟ್ ಕೆಳಗೆ ಬೀಳುತ್ತದೆ. ಒತ್ತಡ ಸರಿಯಿದ್ದರೆ ವೈಸ್ ಜಾರುತ್ತಿದೆಯೇ ನೋಡಿ: ದವಡೆಯ ಅಂಚಿಗೆ ಸರಿಯಾಗಿ ಫ್ರೇಮಿನ ಮೇಲೆ ಪೆನ್ಸಿಲ್ ಗೆರೆ ಎಳೆದಿಟ್ಟರೆ ಕೂದಲೆಳೆಯಷ್ಟು ಸರಿದದ್ದೂ ಕಾಣುತ್ತದೆ. ನಾಲ್ಕು ಒಂದೆಡೆ, ಒಂದು ಮಾತ್ರ ದೂರ ಬಿದ್ದರೆ ಬಹುತೇಕ ಆ ಪೆಲೆಟ್‌ನ ಸ್ಕರ್ಟ್ (ಹಿಂಬದಿಯ ಅರಳಿದ ಭಾಗ) ನೆಗ್ಗಿರುತ್ತದೆ. ತುಂಬುವ ಮೊದಲೇ ಬೆಳಕಿಗೆ ಹಿಡಿದು ಹಿಂಬದಿಯ ಅಂಚು ದುಂಡಗಿದೆಯೇ ನೋಡಿ.

ಗೆದ್ದ ಡಬ್ಬಿಯ ಬ್ಯಾಚ್ ನಂಬರ್ ಬರೆದುಕೊಂಡು ಅದೇ ಬ್ಯಾಚ್‌ನವನ್ನು ವರ್ಷಕ್ಕಾಗುವಷ್ಟು ತರಿಸುತ್ತೇನೆ. ಹೆಸರು, ತಲೆಯಳತೆ ಅದೇ ಇದ್ದರೂ ಬ್ಯಾಚ್ ಬದಲಾದರೆ ಗ್ರೂಪ್ ಹಿಗ್ಗಬಹುದು.