ಹಿತ್ತಲ ಸೌತೆಕಾಯಿಯ ರೆಲಿಶ್: ನಾನು ಮಾಡುವ ರೀತಿ

ಸೌತೆಬಳ್ಳಿ ಒಮ್ಮೆ ಕಾಯಿ ಬಿಡಲು ಶುರು ಮಾಡಿತು ಅಂದರೆ ಮನೆಯವರೆಲ್ಲ ಸೇರಿ ತಿಂದರೂ ಮುಗಿಯುವುದಿಲ್ಲ. ಎರಡು ದಿನ ಬಳ್ಳಿಯ ಕಡೆ ಹೋಗದಿದ್ದರೆ ಎಲೆಗಳ ಮರೆಯಲ್ಲಿ ಕಾಯಿ ದಪ್ಪಗಾಗಿ ಹಳದಿಗೆ ತಿರುಗಿರುತ್ತದೆ. ಫ್ರಿಜ್ಜಿನಲ್ಲಿಟ್ಟರೂ ತುಂಬಾ ದಿನ ಉಳಿಯುವುದಿಲ್ಲ. ಅದಕ್ಕೇ ಬೆಳೆ ಜೋರಾಗಿರುವಾಗ ನಾನು ರೆಲಿಶ್ ಮಾಡಿ ಬಾಟಲಿಗಳಲ್ಲಿ ತುಂಬಿಡುತ್ತೇನೆ. ಸೌತೆಕಾಯಿ, ದೊಣ್ಣೆ ಮೆಣಸಿನಕಾಯಿ, ಈರುಳ್ಳಿಯನ್ನು ಸಣ್ಣಗೆ ಕೊಚ್ಚಿ, ವಿನೆಗರ್, ಸಕ್ಕರೆ, ಮಸಾಲೆಯಲ್ಲಿ ಕುದಿಸಿ ಮಾಡುವ ಹುಳಿ-ಸಿಹಿ ಉಪ್ಪಿನಕಾಯಿ ಇದು.

ಇದರಲ್ಲಿ ನನಗೆ ಸವಾಲು ಅನಿಸುವುದು ನೀರು. ಸೌತೆಕಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 95 ಭಾಗ ನೀರೇ ಇರುತ್ತದೆ. ಆ ನೀರು ಹಾಗೇ ಉಳಿದರೆ ರೆಲಿಶ್ ತೆಳ್ಳಗಾಗುತ್ತದೆ, ವಿನೆಗರ್‌ನ ಹುಳಿಯೂ ತಗ್ಗುತ್ತದೆ. ಬಾಟಲಿಯಲ್ಲಿ ಇದನ್ನು ಕೆಡದಂತೆ ಕಾಯುವುದು ಆ ಹುಳಿಯೇ. ಹಾಗಾಗಿ ನೀರು ತೆಗೆಯುವ ಕೆಲಸಕ್ಕೆ ನಾನು ಜಾಸ್ತಿ ಸಮಯ ಕೊಡುತ್ತೇನೆ.

ಕಾಯಿ ಎಳೆಯದಾದಷ್ಟೂ ಒಳ್ಳೆಯದು. ಆದರೆ ರೆಲಿಶ್‌ಗೆ ಸ್ವಲ್ಪ ಬಲಿತ ಕಾಯಿಯೂ ಆಗುತ್ತದೆ. ಅದನ್ನು ಉದ್ದಕ್ಕೆ ಸೀಳಿ, ಚಮಚದಿಂದ ಬೀಜ, ಲೋಳೆ ಎಲ್ಲ ಕೆರೆದು ತೆಗೆದರೆ ಸಾಕು. ಪ್ರತಿ ಕಾಯಿಯ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ನೋಡುತ್ತೇನೆ. ಕಹಿ ಇದ್ದರೆ ಅದು ಬುಟ್ಟಿಯಿಂದ ಆಚೆ. ಎಷ್ಟು ಸಕ್ಕರೆ ಹಾಕಿದರೂ ಆ ಕಹಿ ಹೋಗುವುದಿಲ್ಲ. ಹೂವು ಅಂಟಿಕೊಂಡಿದ್ದ ತುದಿಯನ್ನು ತೆಳ್ಳಗೆ ಕತ್ತರಿಸಿ ಬಿಸಾಡಬೇಕು. ಕಾಯಿಯನ್ನು ಮೆತ್ತಗಾಗಿಸುವ ಕಿಣ್ವಗಳು ಇರುವುದು ಅಲ್ಲೇ.

ನನ್ನ ಅಳತೆ ಹೀಗಿದೆ. ಕೊಚ್ಚಿದ ಸೌತೆಕಾಯಿ 6 ಕಪ್, ಹಸಿರು ಮತ್ತು ಕೆಂಪು ದೊಣ್ಣೆ ಮೆಣಸಿನಕಾಯಿ ಒಂದೊಂದು ಒಂದೂವರೆ ಕಪ್, ಈರುಳ್ಳಿ ಅರ್ಧ ಕಪ್. ಕಪ್ ಅಂದರೆ ಸುಮಾರು 240 ಮಿಲಿಲೀಟರ್. ನೆನೆಸಲು 4 ಕಪ್ ನೀರು, 2 ಕಪ್ ಐಸ್, 6 ದೊಡ್ಡ ಚಮಚ ಉಪ್ಪು. ಕುದಿಸಲು 3 ಕಪ್ ವಿನೆಗರ್, 1 ಕಪ್ ಸಕ್ಕರೆ. ಸಾಸಿವೆ, ಅರಿಶಿನ, ಆಲ್‌ಸ್ಪೈಸ್ ಕಾಳು (ಕರಿಮೆಣಸಿನಂತೆ ಕಾಣುವ ಒಂದು ಮಸಾಲೆ), ಲವಂಗ ಎರಡೆರಡು ಸಣ್ಣ ಚಮಚ. ಅರ್ಧ ಲೀಟರಿನ ನಾಲ್ಕು ಬಾಟಲಿಗಳು ಹತ್ತಿರ ಹತ್ತಿರ ತುಂಬುತ್ತವೆ.

ಉಪ್ಪು ಅಯೋಡಿನ್ ಬೆರೆಸದ್ದು ಆದರೆ ಚೆನ್ನ. ಅಯೋಡಿನ್ ಇರುವ ಉಪ್ಪಿನಿಂದ ತರಕಾರಿಯ ಬಣ್ಣ ಮಂಕಾಗಬಹುದು, ರಸವೂ ಕದಡಿದಂತೆ ಕಾಣುತ್ತದೆ.

ತರಕಾರಿಯನ್ನೆಲ್ಲ ಕೈಯಿಂದಲೇ ಕೊಚ್ಚುತ್ತೇನೆ. ಮಿಕ್ಸಿಗೆ ಹಾಕಿದರೆ ಅರ್ಧ ಚಟ್ನಿಯಾಗುತ್ತದೆ, ಕಚ್ಚಿದಾಗ ಕರುಂ ಅನ್ನುವುದೇ ಇಲ್ಲ. ಕೊಚ್ಚಿದ್ದನ್ನು ಉಪ್ಪು, ಐಸ್ ಹಾಕಿದ ನೀರಿನಲ್ಲಿ 4 ಗಂಟೆ ಬಿಡುತ್ತೇನೆ. ಉಪ್ಪು ತರಕಾರಿಯೊಳಗಿನ ನೀರನ್ನು ಹೊರಗೆ ಎಳೆಯುತ್ತದೆ, ತಣ್ಣಗಿರುವುದರಿಂದ ಹೋಳುಗಳು ಗಟ್ಟಿಯಾಗೇ ಇರುತ್ತವೆ. ಆಮೇಲೆ ಆ ನೀರು ಬಸಿದು, ಬರೀ ಐಸ್ ನೀರಿನಲ್ಲಿ ಇನ್ನೊಂದು ಗಂಟೆ ನೆನೆಸಿದರೆ ಹೆಚ್ಚಿನ ಉಪ್ಪು ಹೋಗುತ್ತದೆ. ಮತ್ತೆ ಬಸಿದು, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಎರಡೂ ಕೈಯಲ್ಲಿ ಹಿಂಡುತ್ತೇನೆ. ಸಾಕು ಅನಿಸಿದ ಮೇಲೂ ಇನ್ನೊಮ್ಮೆ ಹಿಂಡಿ ನೋಡಿ, ಮತ್ತಷ್ಟು ನೀರು ಇಳಿಯುತ್ತದೆ. ಈ ಕೆಲಸಕ್ಕೆ ಅವಸರ ಬೇಡ.

ಇನ್ನು ವಿನೆಗರ್. ಲೇಬಲ್ ಮೇಲೆ 5 ಶೇಕಡಾ ಆಮ್ಲ ಅಂತ ಇರುವುದನ್ನೇ ಕೊಳ್ಳಬೇಕು. 4 ಶೇಕಡಾದ್ದೂ ಸಿಗುತ್ತದೆ, ನೋಡಲು ಎರಡೂ ಒಂದೇ ಥರ. ಬಾಟಲಿಯೊಳಗೆ ಗಾಳಿ ಇರುವುದಿಲ್ಲ. ಅಂಥ ಜಾಗದಲ್ಲಿ ಹುಳಿ ಕಡಿಮೆ ಇದ್ದರೆ ಬೊಟುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ತರುವ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾ ಬೆಳೆಯಬಹುದು. ಹುಳಿಯ ಅಳತೆಯಾದ ಪಿಹೆಚ್ (ಹುಳಿ ಹೆಚ್ಚಿದಷ್ಟೂ ಇದರ ಅಂಕಿ ಕಡಿಮೆ) 4.6 ಅಥವಾ ಅದಕ್ಕಿಂತ ಕೆಳಗಿದ್ದರೆ ಅದಕ್ಕೆ ಬೆಳೆಯಲು ಆಗುವುದಿಲ್ಲ. ಹಾಗಾಗಿ ವಿನೆಗರ್ ಕಡಿಮೆ ಮಾಡುವುದು, ನೀರು ಬೆರೆಸುವುದು, ಸುಮ್ನೆ ರುಚಿಗೆ ಅಂತ ಈರುಳ್ಳಿ ಮೆಣಸಿನಕಾಯಿ ಜಾಸ್ತಿ ಹಾಕುವುದು, ಇವು ಯಾವುವೂ ಬೇಡ. ತರಕಾರಿ ಹೆಚ್ಚಾದರೆ ಹುಳಿ ತಗ್ಗುತ್ತದೆ ಅಲ್ವಾ? ಗಟ್ಟಿ ಬರಲಿ ಅಂತ ಕಾರ್ನ್‌ಫ್ಲೋರ್ ಬೆರೆಸುವುದೂ ಸರಿಯಲ್ಲ, ಹಾಗೆ ಮಾಡಿದರೆ ಬಾಟಲಿಯ ನಡುವಿನವರೆಗೆ ಬಿಸಿ ಬೇಗ ತಲುಪುವುದಿಲ್ಲ. ಒಣ ಮಸಾಲೆ ಮಾತ್ರ ನಿಮ್ಮ ಇಷ್ಟ. ಲವಂಗ ಸೇರದವರು ಅದನ್ನು ಕಡಿಮೆ ಮಾಡಿಕೊಳ್ಳಬಹುದು.

ಮಸಾಲೆ ಕಾಳುಗಳನ್ನು ಸಣ್ಣ ಬಟ್ಟೆಯಲ್ಲಿ ಕಟ್ಟಿ, ವಿನೆಗರ್, ಸಕ್ಕರೆ, ಅರಿಶಿನದ ಜೊತೆ ಸ್ಟೀಲ್ ಪಾತ್ರೆಯಲ್ಲಿ ಕುದಿಸುತ್ತೇನೆ. ತಾಮ್ರ, ಹಿತ್ತಾಳೆ, ಕಬ್ಬಿಣದ ಪಾತ್ರೆಗೆ ವಿನೆಗರ್ ತಾಗಬಾರದು. ಕುದಿಯುವ ರಸವನ್ನು ತರಕಾರಿಯ ಮೇಲೆ ಸುರಿದು, ಮುಚ್ಚಿ, 24 ಗಂಟೆ ಫ್ರಿಜ್ಜಿನಲ್ಲಿ ಇಡುತ್ತೇನೆ. ಹಿಂಡಿ ಒಣಗಿದ ಹೋಳುಗಳು ಈಗ ನೀರಿನ ಬದಲು ಹುಳಿ-ಸಿಹಿ ರಸವನ್ನು ಕುಡಿಯುತ್ತವೆ. ಐದು ಗಂಟೆ ನೆನೆಸಿ ಹಿಂಡಿದ್ದು ಇದಕ್ಕೇ.

ಮರುದಿನ ಮೊದಲು ಬಾಟಲಿಗಳ ಅಂಚನ್ನು ಬೆರಳಾಡಿಸಿ ನೋಡುತ್ತೇನೆ. ಚೂರು ಮುಕ್ಕಾಗಿದ್ದರೂ ಸೀಲ್ ಕೂರುವುದಿಲ್ಲ. ತೊಳೆದ ಬಾಟಲಿಗಳನ್ನು ಬಿಸಿನೀರಿನಲ್ಲೇ ಇಟ್ಟಿರುತ್ತೇನೆ, ತಣ್ಣನೆ ಗಾಜಿಗೆ ಕುದಿಯುವ ರೆಲಿಶ್ ಹಾಕಿದರೆ ಒಡೆಯುತ್ತದೆ. ರೆಲಿಶ್ ಚೆನ್ನಾಗಿ ಕುದಿ ಬಂದ ಮೇಲೆ ಮಸಾಲೆ ಗಂಟು ತೆಗೆದು, ಬಾಯಿಂದ ಅರ್ಧ ಇಂಚು ಜಾಗ ಬಿಟ್ಟು ತುಂಬುತ್ತೇನೆ. ತೆಳ್ಳನೆ ಕಡ್ಡಿಯೊಂದನ್ನು ಒಳಗೆ ಆಡಿಸಿದರೆ ಸಿಕ್ಕಿಕೊಂಡ ಗಾಳಿಗುಳ್ಳೆ ಹೊರಬರುತ್ತದೆ. ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊಸ ಚಪ್ಪಟೆ ಮುಚ್ಚಳ ಇಟ್ಟು, ಅದನ್ನು ಹಿಡಿದಿಡುವ ತಿರುಪಿನ ಸುತ್ತುಬಳೆಯನ್ನು ಬೆರಳ ಬಲದಷ್ಟೇ ತಿರುಗಿಸಬೇಕು. ಒಳಗಿನ ಗಾಳಿ ಹೊರಹೋಗಲು ದಾರಿ ಬೇಕು, ಹಾಗಾಗಿ ತುಂಬಾ ಬಿಗಿ ಬೇಡ.

ಆಳವಾದ ಪಾತ್ರೆಯ ತಳಕ್ಕೆ ಜಾಲರಿ ಹಾಕಿ ಬಾಟಲಿಗಳನ್ನು ನಿಲ್ಲಿಸುತ್ತೇನೆ. ಮುಚ್ಚಳದ ಮೇಲೆ ಒಂದು ಇಂಚಾದರೂ ನೀರು ನಿಲ್ಲಬೇಕು. ನೀರು ಕುದಿ ಬಂದ ಮೇಲೆ ಲೆಕ್ಕ ಶುರು. ಸಮುದ್ರ ಮಟ್ಟದಿಂದ 1,000 ಅಡಿವರೆಗೆ 10 ನಿಮಿಷ, 6,000 ಅಡಿವರೆಗೆ 15, ಅದಕ್ಕೂ ಮೇಲೆ 20. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ, ಅದಕ್ಕೇ ಹೆಚ್ಚು ಹೊತ್ತು. ನಿಮ್ಮ ಊರಿನ ಎತ್ತರ ಎಷ್ಟು ಅಂತ ಮೊದಲೇ ತಿಳಿದುಕೊಳ್ಳಿ. ಒಲೆ ಆರಿಸಿ ಐದು ನಿಮಿಷ ಬಿಟ್ಟು, ಬಾಟಲಿಗಳನ್ನು ಓರೆ ಮಾಡದೆ ಎತ್ತಿ ದಪ್ಪ ಬಟ್ಟೆಯ ಮೇಲೆ ಇಡುತ್ತೇನೆ.

12ರಿಂದ 24 ಗಂಟೆ ಅವನ್ನು ಮುಟ್ಟುವುದಿಲ್ಲ. ತಣ್ಣಗಾಗುವಾಗ ಮುಚ್ಚಳಗಳು ಒಂದೊಂದಾಗಿ ಟಿಕ್ ಅನ್ನುತ್ತಾ ಒಳಕ್ಕೆ ಇಳಿಯುತ್ತವೆ. ಆ ಸದ್ದು ಕೇಳಲು ನನಗೆ ತುಂಬಾ ಇಷ್ಟ. ಆಮೇಲೆ ನಡುವೆ ಬೆರಳಿಂದ ಒತ್ತಿ ನೋಡುತ್ತೇನೆ. ಮುಚ್ಚಳ ಮೇಲೆ ಕೆಳಗೆ ಆಡಿದರೆ ಸೀಲ್ ಆಗಿಲ್ಲ ಅಂತ ಅರ್ಥ. ಆ ಬಾಟಲಿ ನೇರ ಫ್ರಿಜ್ಜಿಗೆ ಹೋಗುತ್ತದೆ, ಅದನ್ನೇ ಮೊದಲು ತಿನ್ನುತ್ತೇವೆ. ಉಳಿದವುಗಳ ಸುತ್ತುಬಳೆ ತೆಗೆದು, ಒರೆಸಿ, ತಾರೀಕು ಬರೆದು, ಬೆಳಕು ಬೀಳದ ತಂಪು ಜಾಗದಲ್ಲಿ ಇಡುತ್ತೇನೆ. ಒಂದು ವರ್ಷದೊಳಗೆ ತಿಂದರೆ ರುಚಿ, ಬಣ್ಣ ಎರಡೂ ಚೆನ್ನಾಗಿರುತ್ತವೆ.

ಕೆಲವು ವಾರ ಬಿಟ್ಟು ತೆರೆದರೆ ವಿನೆಗರ್‌ನ ಚುರುಕು ಇಳಿದು ಮಸಾಲೆ ಮೇಲೆ ಬಂದಿರುತ್ತದೆ. ಸ್ಯಾಂಡ್‌ವಿಚ್‌ಗೆ, ಬೇಯಿಸಿ ಮಸೆದ ಆಲೂಗಡ್ಡೆಗೆ, ಮೊಟ್ಟೆಗೆ ಚೆನ್ನಾಗಿ ಹೊಂದುತ್ತದೆ. ತೆರೆಯುವಾಗ ಮುಚ್ಚಳ ಉಬ್ಬಿದ್ದರೆ, ರಸ ಚಿಮ್ಮಿದರೆ, ವಾಸನೆ ಬೇರೆ ಅನಿಸಿದರೆ ರುಚಿ ನೋಡಲೂ ಹೋಗಬೇಡಿ, ಪೂರ್ತಿ ಬಿಸಾಡಿ. ತೆರೆದ ಬಾಟಲಿ ಫ್ರಿಜ್ಜಿನಲ್ಲೇ ಇರಲಿ, ಪ್ರತಿ ಸಲ ಒಣ ಚಮಚದಿಂದಲೇ ತೆಗೆಯಿರಿ.