ಹಂಚಿಗೆ ಕೈ ಹಾಕುವ ಮುನ್ನ ಮರ ನೋಡಿ

ಗೋವಾದಲ್ಲಿ ಹಳೆಯ ಹಂಚಿನ ಮನೆ ಕೊಂಡ ಕನ್ನಡಿಗರು, ಅದರಲ್ಲೂ ಬಯಲುಸೀಮೆಯಿಂದ ಬಂದವರು, ಮೊದಲ ಮಳೆಗಾಲದಲ್ಲಿ ಬಕೆಟ್ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡುವುದುಂಟು. ಗುತ್ತಿಗೆದಾರನನ್ನು ಕರೆದರೆ ಏಣಿ ಇಡುವ ಮೊದಲೇ ಅವನ ತೀರ್ಪು ಸಿದ್ಧವಾಗಿರುತ್ತದೆ: ಎಲ್ಲ ಕಿತ್ತು ಶೀಟ್ ಹೊದಿಸಿಬಿಡೋಣ. ಒಪ್ಪಿಕೊಳ್ಳುವ ಅವಸರ ಬೇಡ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ತಯಾರಿಸಲು ಶುರು ಮಾಡಿದ ಈ ಹಂಚು ಸುಲಭಕ್ಕೆ ಸೋಲುವಂಥದ್ದಲ್ಲ. ಸಾಮಾನ್ಯವಾಗಿ ಮೊದಲು ಕೆಡುವುದು ಅದನ್ನು ಹೊತ್ತ ಮರ, ಚಾವಣಿಯ ನೆತ್ತಿಯ ಗಾರೆ ಮತ್ತು ಎರಡು ಮಾಡು (ಚಾವಣಿಯ ಇಳಿಜಾರು) ಕಣಿವೆಯಂತೆ ಕೂಡುವ ಕಡೆಯ ತಗಡು.

ಸೋರುವ ಜಾಗ ಪತ್ತೆ ಮಾಡುವುದು

ನೀರು ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಎಂದುಕೊಳ್ಳಬೇಡಿ. ಒಳಗೆ ಇಳಿದ ನೀರು ಪಕ್ಕಾಸಿನ (ನೆತ್ತಿಯಿಂದ ಸೂರಿಗೆ ಇಳಿಜಾರಾಗಿ ಕೊಟ್ಟ ಮರದ) ಗುಂಟ ಮೂರು ನಾಲ್ಕು ಅಡಿ ಹರಿದು, ಎಲ್ಲೋ ಒಂದು ಗಂಟು ಸಿಕ್ಕಲ್ಲಿ ಕೆಳಗೆ ಬೀಳುತ್ತದೆ. ಮಳೆ ಸುರಿಯುತ್ತಿರುವಾಗಲೇ ಒದ್ದೆ ಮರವನ್ನು ಟಾರ್ಚ್ ಹಿಡಿದು ಮೇಲ್ಮುಖವಾಗಿ ನೋಡುತ್ತ ಹೋಗಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೇಸಿಗೆಯಲ್ಲಾದರೆ ಪೈಪಿನಿಂದ ನೀರು ಬಿಟ್ಟು ಪರೀಕ್ಷಿಸಬಹುದು. ಆದರೆ ಸೂರಿನ ಕಡೆಯಿಂದ ಶುರು ಮಾಡಿ ನಿಧಾನವಾಗಿ ಮೇಲೆ ಹೋಗಬೇಕು. ಒಳಗೊಬ್ಬರು ನಿಂತು ಕೂಗಿ ಹೇಳಬೇಕು. ನೆತ್ತಿಯಿಂದ ನೀರು ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ.

ಮರದ ಪರೀಕ್ಷೆ

ಸಾವಿರ ಚದರಡಿ ಚಾವಣಿಗೆ ಸುಮಾರು 1,400 ಹಂಚು ಬೇಕು. ಒಂದೊಂದೂ ಎರಡು ಎರಡೂವರೆ ಕಿಲೋ ತೂಗುತ್ತದೆ. ಅಂದರೆ ಮೂರು ಟನ್ ಆಸುಪಾಸಿನ ಭಾರ, ನೆನೆದಾಗ ಇನ್ನೂ ಹೆಚ್ಚು. ಅದನ್ನು ಹೊರುವುದು ಪಕ್ಕಾಸು ಮತ್ತು ಅದರ ಮೇಲೆ ಅಡ್ಡ ಹೊಡೆದ ಮರದ ಪಟ್ಟಿ, ಅಂದರೆ ರೀಪು. ಹಳೆಯ ಸ್ಕ್ರೂಡ್ರೈವರ್ ಹಿಡಿದು ಪ್ರತಿ ಪಕ್ಕಾಸಿಗೂ ಚುಚ್ಚಿ ನೋಡಿ. ಮುಖ್ಯವಾಗಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆಯೊಳಗೆ ಹೂತ ತುದಿಯನ್ನು ಬಿಡಬೇಡಿ. ಗೋಡೆಯ ತೇವ ಕುಡಿದು ಮೊದಲು ಕೊಳೆಯುವುದು ಅಲ್ಲೇ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ಗೆದ್ದಲು ತಿಂದು ಬರೀ ಚರ್ಮ ಉಳಿದಿರುತ್ತದೆ. ಸ್ಕ್ರೂಡ್ರೈವರ್ ಅರ್ಧ ಇಂಚು ಸಲೀಸಾಗಿ ಒಳಗೆ ಹೋದರೆ ಆ ಪಕ್ಕಾಸು ಬದಲಾಗಲೇಬೇಕು.

ಹೊಸ ಮರಕ್ಕೆ ಏರಿಸುವ ಮೊದಲೇ, ಕೊಯ್ದ ತುದಿಗಳೂ ಸೇರಿದಂತೆ, ಗೆದ್ದಲು ನಿರೋಧಕ ಹಚ್ಚಿಸಿ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಈಗಲೂ ಬಳಸುವವರಿದ್ದಾರೆ, ಒಳ್ಳೆಯದೇ. ಆದರೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಕೈಗವಸು ಬೇಕೇ ಬೇಕು. ಮರದ ಬದಲು ಕಬ್ಬಿಣದ ಪೈಪ್ ಹಾಕಿಸುವವರು ಬೆಸುಗೆಯ ಜಾಗಗಳ ಮೇಲೆ ಕಣ್ಣಿಡಿ. ಸಮುದ್ರದ ಉಪ್ಪುಗಾಳಿಗೆ ತುಕ್ಕು ಶುರುವಾಗುವುದು ಅಲ್ಲಿಂದಲೇ.

ಹಂಚು ಇಳಿಸಿ ಏರಿಸುವುದು

ಒಂದು ಸಲಕ್ಕೆ ಒಂದೇ ಮಗ್ಗುಲು ಬಿಚ್ಚಿಸಿ. ಇಳಿದ ಹಂಚನ್ನು ಬೆರಳಿನ ಗಂಟಿನಿಂದ ತಟ್ಟಿ: ಠಣ್ ಎಂದು ಸದ್ದು ಬಂದರೆ ಗಟ್ಟಿ, ಮಂಕು ಸದ್ದು ಬಂದರೆ ಬಿರುಕು. ಹೊಸ ಹಂಚು ಕೊಳ್ಳುವಾಗ ಒಂದನ್ನು ಒಣಗಿದ್ದಾಗ ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿ. ತೂಕ ಐದನೇ ಒಂದು ಭಾಗಕ್ಕಿಂತ ಹೆಚ್ಚು ಏರಿದರೆ ಆ ಲೋಡು ವಾಪಸ್ ಕಳಿಸಿ.

ಬಹಳ ಮಂದಿ ಎಡವುವುದು ಇಲ್ಲಿ: ಒಂದು ಕಾರ್ಖಾನೆಯ ಹಂಚು ಇನ್ನೊಂದರ ಹಂಚಿನ ಜತೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಹಂಚಿನ ಮೇಲೆ ಒತ್ತಿದ ಹೆಸರು ನೋಡಿ ವಿಂಗಡಿಸಿ. ಉಳಿದ ಹಳೆಯ ಹಂಚನ್ನೆಲ್ಲ ಒಂದು ಮಗ್ಗುಲಿಗೆ, ಹೊಸದನ್ನೆಲ್ಲ ಇನ್ನೊಂದು ಮಗ್ಗುಲಿಗೆ ಹಾಕಿಸಿ. ರೀಪಿನ ಅಂತರವನ್ನೂ ನೀವು ತಂದ ಹಂಚನ್ನೇ ಇಟ್ಟು ಅಳೆದು ಹೊಡೆಸಬೇಕು, ಬಡಗಿಯ ಬಾಯಿಲೆಕ್ಕ ಸಾಲದು.

ಸೂರಿನ ಎರಡು ಸಾಲು ಮತ್ತು ಅಂಚಿನ ಹಂಚುಗಳನ್ನು ರೀಪಿಗೆ ತಂತಿಯಿಂದ ಬಿಗಿಸಿ. ಅದಕ್ಕೆಂದೇ ಹಂಚಿನ ಅಡಿಯಲ್ಲಿ ತೂತಿರುವ ಗುಬುಟು ಇರುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಈ ಕರಾವಳಿಯ ಪಕ್ಕದಲ್ಲೇ ಹಾದುಹೋದದ್ದು ನೆನಪಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೆತ್ತಿಯ ಹಂಚಿಗೆ ಬರೀ ಸಿಮೆಂಟ್ ಗಾರೆ ಹಾಕಿದರೆ ಬಿಸಿಲಿಗೆ ಬಿರಿಯುತ್ತದೆ. ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳು ಸರಿಯಾದ ಹದ. ಕಡಲ ಮರಳು ಕೂಡದು. ಎರಡು ಮಾಡು ಕೂಡುವ ಕಡೆಯ ತಗಡು ಅಗಲವಾಗಿರಲಿ, ಮೇಲಿನ ತುಂಡು ಕೆಳಗಿನದರ ಮೇಲೆ ಅರ್ಧ ಅಡಿ ಹತ್ತಲಿ, ನಡುವೆ ನಾಲ್ಕು ಇಂಚಾದರೂ ನೀರಿನ ದಾರಿ ತೆರೆದಿರಲಿ. ಹಂಚಿನಡಿ ಪ್ಲಾಸ್ಟಿಕ್ ಹಾಳೆ ಹಾಸುವ ಚಾಳಿ ನನಗಂತೂ ಹಿಡಿಸದು: ತೇವ ಹೊರಹೋಗದೆ ರೀಪು ಕೊಳೆಯುತ್ತದೆ. ಬೇಕೇ ಬೇಕೆಂದರೆ ಹಾಳೆಯ ಮೇಲೆ ಪಕ್ಕಾಸಿನ ಗುಂಟ ಪಟ್ಟಿ ಹೊಡೆದು ಗಾಳಿಯಾಡಲು ಜಾಗ ಬಿಡಿ.

ಶೀಟ್? ಕೊಟ್ಟಿಗೆಗೆ, ಕಾರ್ ಶೆಡ್ಡಿಗೆ ಆಗಬಹುದು. ಮಲಗುವ ಕೋಣೆಗೆ ಹಾಕಿಸಿದರೆ ಏಪ್ರಿಲ್ ಸೆಕೆ, ಜುಲೈ ಸದ್ದು ಎರಡನ್ನೂ ಸಹಿಸಬೇಕು. ಹಳೆಯ ಆಸ್ಬೆಸ್ಟಾಸ್ ಶೀಟ್ ಇದ್ದರೆ ಒಡೆಯಬೇಡಿ, ಕೊರೆಯಬೇಡಿ. ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು, ಅದರ ದೂಳು ಶ್ವಾಸಕೋಶಕ್ಕೆ ವಿಷ.

ಯಾವಾಗ, ಯಾರಿಂದ

ಗೋವಾಕ್ಕೆ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರ ಬರುತ್ತದೆ, ಮೇ ತಿಂಗಳಲ್ಲೇ ಅಡ್ಡಮಳೆ ಹೊಡೆಯುವುದೂ ಇದೆ. ದೀಪಾವಳಿ ಕಳೆದೊಡನೆ ಕೆಲಸ ಹಚ್ಚಿ. ಏಪ್ರಿಲ್‌ಗೆ ಮುಂದೂಡಿದರೆ ಬಡಗಿ ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೈಗೆಟುಕುವುದಿಲ್ಲ. ಅದಕ್ಕೂ ಮೊದಲು ಪಂಚಾಯಿತಿ ಅಥವಾ ನಗರಸಭೆಯಲ್ಲಿ ದುರಸ್ತಿಗೆ ಅನುಮತಿ ವಿಚಾರಿಸಿ. ಪಣಜಿಯ ಫೊಂಟೆನ್ಹಾಸ್‌ನಂಥ ಪಾರಂಪರಿಕ ವಲಯದಲ್ಲಿ ಚಾವಣಿಯ ರೂಪ ಬದಲಿಸಲು ಹೊರಟರೆ ತಕರಾರು ಬರುವುದು ಖಂಡಿತ.

ಕೆಲಸದವರಲ್ಲಿ ಉತ್ತರ ಕರ್ನಾಟಕದವರು ಬಹಳ ಇರುವುದರಿಂದ ಮಾತಿಗೆ ತೊಂದರೆಯಿಲ್ಲ. ಆ ಸಲುಗೆಯಲ್ಲಿ ಕರಾರನ್ನು ಬಾಯಿಮಾತಿಗೆ ಬಿಡಬೇಡಿ. ಸೊಂಟಕ್ಕೆ ಹಗ್ಗ ಯಾರು ತರುತ್ತಾರೆ, ಒಡೆದ ಹಂಚಿನ ನಷ್ಟ ಯಾರದ್ದು, ಇಳಿಸಿದ ಹಳೆಯ ಹಂಚು ಮತ್ತು ಮರ ಯಾರಿಗೆ ಸೇರಬೇಕು ಎಂಬುದನ್ನು ಬರೆಸಿಕೊಳ್ಳಿ. ಐವತ್ತು ಹಂಚನ್ನಾದರೂ ಸೂರಿನಡಿ ನಿಲ್ಲಿಸಿ ಇಟ್ಟುಕೊಳ್ಳಿ: ತೆಂಗಿನಕಾಯಿ ಬೀಳುವುದೂ ಮಂಗ ಕುಣಿಯುವುದೂ ಪ್ರತಿ ವರ್ಷ ಇದ್ದೇ ಇರುತ್ತದೆ, ಆ ಕಾರ್ಖಾನೆ ಮುಂದಿನ ವರ್ಷ ಇರುತ್ತದೆಂದು ಹೇಳಲಾಗದು.